ನಲವತ್ತೈದು ಎಲೆಯ ಆರತಕ್ಷತೆ

ಅಲಕಾಪುರಿ ಅಂದರೆ ಕುಬೇರನ ಪಟ್ಟಣ. ಕಾಳಿದಾಸನ ಯಕ್ಷ ಮೋಡದ ಕೈಯಲ್ಲಿ ಸುದ್ದಿ ಕಳಿಸಿದ್ದು ಆ ಊರಿಗೇ. ವಡೋದರದ ನಮ್ಮ ಆಲ್ಕಾಪುರಿಗೆ ಮೋಡ ಬಂತೆಂದರೆ ಸುದ್ದಿಯೇ ಬೇರೆ: ರೈಲ್ವೆ ಹಳಿಯ ಕೆಳಗಿನ ದಾರಿಯಲ್ಲಿ ನೀರು ನಿಂತು, ಸ್ಟೇಷನ್ನಿನ ಆಚೆಯವರು ಆಚೆ, ಈಚೆಯವರು ಈಚೆ. ಇಪ್ಪತ್ತೆಂಟು ವರ್ಷದಿಂದ ನಾನು ಈಚೆಯವಳು. ತೀರ್ಥಹಳ್ಳಿ ಕಡೆಯವಳು ಅಂತ ಈಗಲೂ ಹೇಳಿಕೊಳ್ಳುತ್ತೇನೆ, ಆದರೆ ಊರಿನ ಮದುವೆಗಳಿಗೆ ಹೋದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು.

ಕಳೆದ ಚಳಿಗಾಲದಲ್ಲಿ ಮಗಳ ಮದುವೆ ಆಯಿತು. ಹುಡುಗ ಇಲ್ಲಿಯವನೇ, ಗುಜರಾತಿ. ಮಗಳ ಷರತ್ತು ಎರಡು. ಒಟ್ಟು ನಲವತ್ತೈದು ಜನ, ಅದರಲ್ಲಿ ಎರಡೂ ಕಡೆಯವರು ಸೇರಿರಬೇಕು. ಇನ್ನೊಂದು, ಮಂತ್ರಮಾಂಗಲ್ಯ. ಎರಡನೆಯದನ್ನು ಕೇಳಿ ನನಗೆ ಹೆಮ್ಮೆಯಾಯಿತು. ಪುಸ್ತಿಕೆ ತರಿಸಿ, ಅಡಿಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದತೊಡಗಿದ ಮೇಲೆ ಹೆಮ್ಮೆಯ ಜೊತೆಗೆ ತಕರಾರುಗಳೂ ಹುಟ್ಟಿದವು. ಈ ಬರಹ ಆ ತಕರಾರುಗಳದ್ದು.

ಊರಿನಲ್ಲಿರುವ ನಿಮಗೆ ಇದರ ಕಥೆ ಗೊತ್ತೇ ಇದೆ. 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಗಾಗಿ ಕುವೆಂಪು ಇದನ್ನು ಸಿದ್ಧಪಡಿಸಿ, ತಾವೇ ಮುಂದೆ ನಿಂತು ಮದುವೆ ನಡೆಸಿಕೊಟ್ಟರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆ ಇಲ್ಲ, ಆಡಂಬರವಿಲ್ಲ. ಆಯ್ದ ಮಂತ್ರ, ಅದರ ಕನ್ನಡ ಅರ್ಥ, ಗಂಡುಹೆಣ್ಣು ಒಪ್ಪಿಕೊಳ್ಳಬೇಕಾದ ಮಾತುಗಳು, ಅಷ್ಟೇ. ಜಾತಿಮತಗಳ ಕಟ್ಟಿನಿಂದ, ಮೂಢನಂಬಿಕೆಗಳಿಂದ ಇಬ್ಬರೂ ಬಿಡುಗಡೆ ಹೊಂದಿದವರೆಂದೂ, ಹೆಣ್ಣು ಗಂಡಿಗೆ ಅಧೀನಳಲ್ಲವೆಂದೂ ಎಲ್ಲರೆದುರು ಸಾರುವುದು ಅದರ ಜೀವಾಳ. ಅಪ್ಪನೊಬ್ಬ ಮಗನ ಮದುವೆಗೆ ಇಂಥದ್ದನ್ನು ಬರೆದುಕೊಟ್ಟ ಅನ್ನುವುದು ನನಗೆ ಇವತ್ತಿಗೂ ರೋಮಾಂಚನ.

ಮಗಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಕೇಳಿ, "ಅಮ್ಮಾ, ಇದು ಕನ್ನಡವೇನೋ ಹೌದು, ಆದ್ರೆ ನಂಗೆ ಅರ್ಧ ಅರ್ಥ ಆಗ್ತಿಲ್ಲ" ಅಂದಳು.

ಅವಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಬೋರ್ಡು ಓದುವಷ್ಟು ಓದುತ್ತಾಳೆ. ತಪ್ಪು ನನ್ನದೂ ಇದೆ. ಆದರೂ ಯೋಚಿಸಿ. ಅರ್ಥವಾಗದ ಸಂಸ್ಕೃತದಲ್ಲಿ ಯಾರೋ ಗೊಣಗಿ ಮದುವೆ ಮಾಡಿಸಬಾರದು ಅಂತಲೇ ಹುಟ್ಟಿದ ಪಠ್ಯ ಇದು. ಆದರೆ ಕುವೆಂಪು ಗದ್ಯದ ಆ ಘನವಾದ ಸಂಸ್ಕೃತ ಪದಗಳು, ಸಭೆಯನ್ನು ಉದ್ದೇಶಿಸುವ ಆ ಗಾಂಭೀರ್ಯ, ಊರು ಬಿಟ್ಟವರ ಮಕ್ಕಳ ಕಿವಿಗೆ ಮತ್ತೆ ಮಂತ್ರವೇ ಆಗಿಬಿಡುತ್ತವೆ. ಚೆನ್ನಾಗಿ ಕೇಳಿಸುತ್ತದೆ, ಒಳಗೆ ಇಳಿಯುವುದಿಲ್ಲ. ಊರಲ್ಲಿದ್ದು ಓದುವಾಗ ಈ ಕೊರತೆ ಕಾಣುವುದೇ ಇಲ್ಲ.

ಈ ತೊಂದರೆಗೆ ಇದೇ ಊರಲ್ಲಿ ಹಳೆಯ ಉತ್ತರವೊಂದಿದೆ. 1915ರಲ್ಲಿ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನ ಹಿಂದೂ ಪುರೋಹಿತ ಕಾಯ್ದೆ ಅಂತ ಒಂದನ್ನು ತಂದಿತು. ಪರೀಕ್ಷೆ ಪಾಸಾದವರೇ ಪೌರೋಹಿತ್ಯ ಮಾಡಬೇಕು, ಮಾಡಿಸುವ ಕ್ರಿಯೆಯ ಅರ್ಥವನ್ನು ಜನರ ಭಾಷೆಯಲ್ಲೇ ತಿಳಿಸಬೇಕು. ಇದೇ ಸಂಸ್ಥಾನ ಬಾಲ್ಯವಿವಾಹದ ವಿರುದ್ಧ ಕಾನೂನು ಮಾಡಿದ್ದು 1904ರಲ್ಲಿ, ಕುವೆಂಪು ಹುಟ್ಟಿದ ವರ್ಷ. ಬರೋಡಾದವರು ಪುರೋಹಿತರನ್ನು ಉಳಿಸಿಕೊಂಡು ಪರೀಕ್ಷೆಗೆ ಕೂರಿಸಿದರು, ಕುವೆಂಪು ಪುರೋಹಿತರನ್ನೇ ಮನೆಗೆ ಕಳಿಸಿದರು. ಮೇಲಿನಿಂದ ಬಂದ ಕಾನೂನಿಗೆ ಎಷ್ಟು ಬಲವಿತ್ತು ಅನ್ನುವುದು ಬೇರೆ ಮಾತು. ಅದೇ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಓದಿ 1917ರಲ್ಲಿ ಕೆಲಸಕ್ಕೆ ಬಂದ ಅಂಬೇಡ್ಕರರಿಗೆ ಈ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ.

ಅರ್ಥ ಹೇಳಬೇಕು ಅನ್ನುವುದನ್ನು ನಾವು ಬರೋಡಾದಿಂದ ತಗೊಂಡೆವು. ಬೀಗಿತ್ತಿ, ಇಲ್ಲಿಯ ಮಾತಿನಲ್ಲಿ ವೇವಾಣ, ಗುಜರಾತಿ ಮೇಷ್ಟರಾಗಿ ನಿವೃತ್ತರಾದವರು. ನಾನು ಒಂದೊಂದೇ ವಾಕ್ಯವನ್ನು ನನ್ನ ಹರಕು ಗುಜರಾತಿಯಲ್ಲಿ ಬಿಡಿಸಿ ಹೇಳುವುದು, ಅವರು ಚೆಂದ ಮಾಡಿ ಬರೆಯುವುದು. ಮೂರು ಮಧ್ಯಾಹ್ನ ಹೀಗೆ ನಡೆಯಿತು. ಹೆಣ್ಣು ಅಧೀನಳಲ್ಲ ಅನ್ನುವ ಮಾತಿಗೆ ಬಂದಾಗ ಅವರ ಪೆನ್ನು ನಿಂತಿತು.

"ಬೇನ್, ಇದನ್ನ ಮದುವೆ ದಿನವೇ ಹೇಳಬೇಕಾ? ನನ್ನ ಮಗ ಅಂಥವನಲ್ಲ."

"ಅವನಿಗಾಗಿ ಅಲ್ಲ, ಕೂತು ಕೇಳೋ ನಮಗಾಗಿ" ಅಂದೆ. ಅಂದಮೇಲೆ ನನಗೇ ಸಂಕೋಚವಾಯಿತು, ಯಾಕೆಂದರೆ ಅವರ ಯಜಮಾನರು ಪಕ್ಕದ ಹಿಂಚಕೋ ಮೇಲೆ, ಅದೇ ತೂಗುಮಣೆ, ಕೂತು ಪೇಪರು ಓದುತ್ತಿದ್ದರು. ಅವರು ಸ್ವಲ್ಪ ಸುಮ್ಮನಿದ್ದು, "ಅಧೀನ ನಮ್ಮಲ್ಲೂ ಆಧೀನವೇ" ಅಂತ ಬರೆದರು. ತೂಗುಮಣೆ ಒಂದು ಗಳಿಗೆ ನಿಂತು ಮತ್ತೆ ತೂಗಿತು.

ಪಠ್ಯದ ಬಲ ನನಗೆ ಗೊತ್ತಾದದ್ದು ಅಲ್ಲಿ. ಕನ್ನಡದಲ್ಲಿ ಹತ್ತು ಸಲ ಕೇಳಿದ್ದ ಮಾತು ಇನ್ನೊಂದು ಭಾಷೆಗೆ ದಾಟುವಾಗ ಮನೆಯೊಳಗೆ ಒಬ್ಬರನ್ನು ತಡೆದು ನಿಲ್ಲಿಸಿತು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಮಿಳುನಾಡಿನವರು ತಮ್ಮ ಸ್ವಾಭಿಮಾನ ಮದುವೆಗಳಿಗಾಗಿ 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ಮಾಡಿಕೊಂಡರು. ಮಂತ್ರಮಾಂಗಲ್ಯಕ್ಕೆ ಅಂಥ ಆಸರೆ ಸಿಕ್ಕಿಲ್ಲ. ನಾವು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೂವತ್ತು ದಿನದ ನೋಟಿಸು ಕೊಟ್ಟು, ಮೂವರು ಸಾಕ್ಷಿಗಳ ಸಹಿ ಹಾಕಿಸಿ ನೋಂದಾಯಿಸಿದೆವು.

ನನ್ನ ದೊಡ್ಡ ತಕರಾರು ಊಟದ್ದು. ಕ್ರಿಯೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ? ಆ ಮೇಲಿನದ್ದಕ್ಕೆ ಪುಸ್ತಿಕೆಯಲ್ಲಿ ದಾರಿ ಇಲ್ಲ, ಹಾಗಾಗಿ ಅಲ್ಲಿ ಹಳೆಯದೆಲ್ಲ ವಾಪಸು ಬಂದು ಕೂರುತ್ತದೆ. ಬೆಳಿಗ್ಗೆ ಮಂತ್ರಮಾಂಗಲ್ಯ, ಸಂಜೆ ಛತ್ರದಲ್ಲಿ ಸಾವಿರ ಜನಕ್ಕೆ ರಿಸೆಪ್ಷನ್, ಸಿಂಹಾಸನದಂಥ ಕುರ್ಚಿ, ಕವರು ಹಿಡಿದವರ ಸಾಲು: ಇಂಥದ್ದನ್ನು ನಾನೇ ಉಂಡು ಬಂದಿದ್ದೇನೆ. ನಾವು ಅದಕ್ಕೂ ಆರತಕ್ಷತೆ ಅಂತಲೇ ಕರೆಯುತ್ತೇವೆ. ಆರತಿ ಮತ್ತು ಅಕ್ಷತೆ. ತಲೆ ಮುಟ್ಟಿ ನಾಲ್ಕು ಕಾಳು ಹಾಕುವಷ್ಟು ಹತ್ತಿರದವರಿಗೆ ಆಗಿದ್ದ ಶಬ್ದ ಅದು.

ಮಗಳು ಅದನ್ನೇ ಹಿಡಿದಳು. ವೇದಿಕೆ ಬೇಡ, ಬಂದವರೆಲ್ಲ ವೃತ್ತವಾಗಿ ಕೂರುವುದು, ಮದುಮಕ್ಕಳೇ ಎದ್ದು ಒಬ್ಬೊಬ್ಬರ ಹತ್ತಿರ ಹೋಗುವುದು. ಖಂಡೇರಾವ್ ಮಾರ್ಕೆಟ್ಟಿನಿಂದ ಬಾಳೆ ಎಲೆ ತಂದೆವು. ಎಲೆಯ ಮೇಲೆ ಚಳಿಗಾಲದ ಊಂಧಿಯು, ಅದರ ಪಕ್ಕದಲ್ಲೇ ಚಿತ್ರಾನ್ನ. ಸಿಹಿಗೆ ಜಗಳವಾಗಬಹುದು ಅಂದುಕೊಂಡಿದ್ದೆ. ಆದರೆ ಅವರ ವೇಡ್ಮಿಗೂ ತೊಗರಿಬೇಳೆ ಬೆಲ್ಲದ್ದೇ ಹೂರಣ. ನಾವು ಎಲೆಯ ಮೇಲೆ ಎಣ್ಣೆ ಸವರಿ ತಟ್ಟುತ್ತೇವೆ, ಅವರು ರೊಟ್ಟಿಯಂತೆ ಲಟ್ಟಿಸಿ ತುಪ್ಪ ಸುರಿಯುತ್ತಾರೆ. ಎರಡೂ ಮಾಡಿದೆವು. ಅವರದ್ದೇ ಮೊದಲು ಖಾಲಿಯಾಯಿತು, ಬೇಜಾರಿಲ್ಲ.

ಉಡುಗೊರೆ ಬೇಡ ಅಂತ ಕಾಗದದಲ್ಲೇ ಬರೆದಿದ್ದೆವು. ಒಂದೂವರೆ ದಿನ ರೈಲಿನಲ್ಲಿ ಬಂದಿಳಿದ ಅತ್ತಿಗೆ ಚೀಲದಿಂದ ಗೆರೆ ಹಾಕಿದ ನೋಟುಪುಸ್ತಕ ತೆಗೆದರು. ಊರವರು ಕೊಟ್ಟು ಕಳಿಸಿದ ಮುಯ್ಯಿಯ ಪಟ್ಟಿ. ಐವತ್ತೊಂದು, ನೂರಾ ಒಂದು, ಒಂದು ಕಡೆ ಬರೀ ಎರಡು ಸೇರು ಅಕ್ಕಿ. "ಇದು ಇಲ್ಲಿಯ ಚಾಂದ್ಲೋ ಪುಸ್ತಕದ ಹಾಗೇ" ಅಂತ ಬೀಗಿತ್ತಿ ನಕ್ಕರು. ಮಗಳು ನಗಲಿಲ್ಲ. "ಅತ್ತೆ, ನಾವು ತಗೊಳ್ಳಲ್ಲ ಅಂತ ಹೇಳಿದ್ವಲ್ಲ."

"ನೀ ಬಿಡುಗಡೆ ಆದೆ ಮಾರಾಯ್ತಿ, ನಾ ಆಗಿಲ್ಲ" ಅಂದರು ಅತ್ತಿಗೆ. "ನಿನ್ನಮ್ಮ ಬರದಿದ್ದ ಮದುವೆಗೆಲ್ಲ ಅವಳ ಹೆಸರಲ್ಲಿ ಮುಯ್ಯಿ ಹಾಕಿದವಳು ನಾನು. ಈಗ ಅವರು ತೀರಿಸ್ತಾ ಇದಾರೆ. ಬೇಡ ಅಂದ್ರೆ ಅವರ ಮನೆಗೆ ನಾ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮಂತ್ರಮಾಂಗಲ್ಯದ ಮೇಲೆ ನಾನು ಮಾಡಬಹುದಾದ ಟೀಕೆಯನ್ನೆಲ್ಲ ಅತ್ತಿಗೆ ಎರಡು ಮಾತಲ್ಲಿ ಮಾಡಿ ಮುಗಿಸಿದರು. ಆ ಪಠ್ಯ ಇಬ್ಬರನ್ನು ಬಿಡಿಸುತ್ತದೆ. ಅವರ ಹಿಂದೆ ಊರಲ್ಲಿ ಉಳಿದು ಲೆಕ್ಕ ಇಟ್ಟವರನ್ನು ಕಾಣುವುದಿಲ್ಲ. ಸಣ್ಣ ಮದುವೆ ನನಗೆ ಸುಲಭವಾದದ್ದು ನಾನು ದೂರ ಇದ್ದೇನೆ ಅನ್ನುವುದಕ್ಕೆ. ಆ ದೂರದ ಖರ್ಚನ್ನು ಇಷ್ಟು ವರ್ಷ ಇನ್ಯಾರೋ ಹೊತ್ತಿದ್ದರು.

ಕೊನೆಗೆ ಅಳಿಯ ಒಂದು ದಾರಿ ಹೇಳಿದ. ಅಕ್ಷತೆ ಹಾಕುವ ಹೊತ್ತಿಗೆ ನೋಟುಪುಸ್ತಕದ ಹೆಸರುಗಳನ್ನು, ಮೊತ್ತ ಬಿಟ್ಟು, ಗಟ್ಟಿಯಾಗಿ ಓದುವುದು. ಅತ್ತಿಗೆಯೇ ಓದಿದರು. ಅರವತ್ತೆರಡು ಹೆಸರು, ಮನೆತನದ ಹೆಸರು ಸಮೇತ. ಪ್ರತಿ ಹೆಸರಿಗೂ ಮಕ್ಕಳ ತಲೆಯ ಮೇಲೆ ನಾಲ್ಕು ಕಾಳು. ಗುಜರಾತಿಗಳಿಗೆ ಒಂದು ಹೆಸರೂ ಗೊತ್ತಿರಲಿಲ್ಲ, ಆದರೆ ಯಾರೂ ಮಾತಾಡಲಿಲ್ಲ.

ರಾತ್ರಿ ಪಾತ್ರೆ ಎತ್ತಿಡುತ್ತಾ ಅತ್ತಿಗೆ, "ಹೆಸರು ಓದಿದ್ರೆ ಲೆಕ್ಕ ಚುಕ್ತಾ ಆಗಲ್ಲ, ಗೊತ್ತಲ್ಲ?" ಅಂದರು. ಗೊತ್ತು ಅಂದೆ. ನೋಟುಪುಸ್ತಕ ನನ್ನ ಹತ್ತಿರವೇ ಬಿಟ್ಟು ಹೋದರು. ಮೂರನೇ ಪುಟದಲ್ಲಿರುವ ಒಂದು ಮನೆಯಲ್ಲಿ ಏಪ್ರಿಲ್‌ನಲ್ಲಿ ಮದುವೆ. ಟಿಕೆಟ್ ತೆಗೆಸಿದ್ದೇನೆ.