ಬರಿಗಾಲ ಓಟವೂ ಪಾದದ ಯಂತ್ರವಿಧಾನವೂ: ಒಂದು ವಿಮರ್ಶೆ

ಭಟ್ಕಳದ ಸಮೀಪದಲ್ಲಿ, ವೆಂಕಟಾಪುರ ಹೊಳೆ ಸಮುದ್ರವನ್ನು ಸೇರುವೆಡೆಯಲ್ಲಿರುವ ತೆಂಗಿನಗುಂಡಿ ಮೀನುಗಾರರ ಊರು. ಅಲ್ಲಿಯ ದಡದಲ್ಲಿ ಬಲೆ ಎಳೆಯುವವರೂ ದೋಣಿ ನೂಕುವವರೂ ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ದುಡಿಯುವರು. ಮಕ್ಕಳು ಅದೇ ಮರಳಿನ ಮೇಲೆ ಓಡಿ ಬೆಳೆಯುವರು. ಇಂತಹ ಊರಿನಿಂದ ಕಾಲೇಜಿಗೆ ಬಂದು ಓಟದ ಸ್ಪರ್ಧೆಗೆ ಹೆಸರು ಕೊಡುವ ವಿದ್ಯಾರ್ಥಿಗೆ ಪರಸ್ಪರ ವಿರುದ್ಧವಾದ ಎರಡು ಉಪದೇಶಗಳು ದೊರೆಯುತ್ತವೆ. ಮೆತ್ತನೆಯ ಅಟ್ಟೆಯ ಬೂಟಿಲ್ಲದೆ ಓಡಿದರೆ ಮೊಣಕಾಲು ಕೆಡುವುದೆಂದು ಒಂದು ಪಕ್ಷ. ಬರಿಗಾಲೇ ನಿಸರ್ಗದ ಕೊಡುಗೆ, ಬೂಟನ್ನು ಮುಟ್ಟಲೇ ಬೇಡವೆಂದು ಮತ್ತೊಂದು ಪಕ್ಷ. ಎರಡು ಪಕ್ಷದವರೂ ವಿಜ್ಞಾನದ ಹೆಸರನ್ನೇ ಹೇಳುವರು. ಆ ವಿಜ್ಞಾನವು ನಿಜವಾಗಿ ಎಷ್ಟನ್ನು ಸಿದ್ಧಪಡಿಸಿದೆ, ಎಷ್ಟನ್ನು ನಾವು ಅದರ ಮೇಲೆ ಹೊರಿಸಿದ್ದೇವೆ ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೊದಲು ಯಂತ್ರವಿಧಾನದ ಮಾತು. ಓಡುವಾಗ ಪಾದವು ನೆಲವನ್ನು ಒತ್ತುವಷ್ಟೇ ಬಲದಿಂದ ನೆಲವೂ ಪಾದವನ್ನು ಒತ್ತುತ್ತದೆ. ಈ ಪ್ರತಿಬಲದ ಗರಿಷ್ಠ ಪ್ರಮಾಣ ಸಾಮಾನ್ಯವಾಗಿ ಶರೀರದ ತೂಕದ ಎರಡರಿಂದ ಮೂರು ಪಟ್ಟು. ಹಿಮ್ಮಡಿ ಮೊದಲು ನೆಲಕ್ಕೆ ತಾಗಿದರೆ, ತಾಗಿದೊಡನೆಯೇ, ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗಾಗಿ, ಬಲವು ಥಟ್ಟನೆ ಏರಿ ಒಂದು ಶಿಖರವನ್ನು ಮುಟ್ಟುತ್ತದೆ. ಪಾದದ ಮುಂಭಾಗ ಮೊದಲು ತಾಗಿದರೆ ಹರಡಿನ ಕೀಲು ಬಾಗಿ, ಮೀನಖಂಡವೂ ಹಿಮ್ಮಡಿಯ ಸ್ನಾಯುರಜ್ಜುವೂ ಹಿಗ್ಗಿ, ಆ ಹೊಡೆತವನ್ನು ತಮ್ಮಲ್ಲಿ ತೆಗೆದುಕೊಳ್ಳುತ್ತವೆ. ಮೊದಲಿನ ಶಿಖರವು ಬಹಳ ಮಟ್ಟಿಗೆ ಅಡಗುತ್ತದೆ. ಆದರೆ ಹೊರೆ ಇಲ್ಲವಾಗುವುದಿಲ್ಲ. ಮೊಣಕಾಲಿನಿಂದ ಇಳಿದ ಭಾರದ ಪಾಲು ಮೀನಖಂಡಕ್ಕೂ ಸ್ನಾಯುರಜ್ಜುವಿಗೂ ಪಾದದ ಮುಂಭಾಗದ ಸಣ್ಣ ಮೂಳೆಗಳಿಗೂ ಬೀಳುತ್ತದೆ. ಈ ಸ್ಥಾನಾಂತರವನ್ನು ಮರೆತರೆ ಮುಂದಿನ ಚರ್ಚೆಯೆಲ್ಲವೂ ದಾರಿ ತಪ್ಪುತ್ತದೆ.

ಈ ವಿಷಯದಲ್ಲಿ ಬಹು ಪ್ರಸಿದ್ಧವಾದ ಪ್ರಬಂಧವೆಂದರೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಕೀನ್ಯ ಮತ್ತು ಅಮೆರಿಕದ ಓಟಗಾರರನ್ನು ಹೋಲಿಸಿ, ಬರಿಗಾಲಿನ ಅಭ್ಯಾಸವುಳ್ಳವರು ಬಹುತೇಕ ಪಾದದ ಮುಂಭಾಗದ ಮೇಲೂ, ಬೂಟಿನ ಅಭ್ಯಾಸವುಳ್ಳವರು ಬಹುತೇಕ ಹಿಮ್ಮಡಿಯ ಮೇಲೂ ಇಳಿಯುವರೆಂದು ಅವರು ತೋರಿಸಿದರು. ಮುಂಭಾಗದ ಮೇಲೆ ಇಳಿಯುವವರ ಮೊದಲ ಹೊಡೆತ ಉಳಿದವರದಕ್ಕಿಂತ ಸುಮಾರು ಮೂರು ಪಟ್ಟು ಕಡಿಮೆ. ಅಳತೆಯಲ್ಲಿ ದೋಷವನ್ನು ನಾವು ಕಾಣೆವು. ಆದರೆ ಈ ಪ್ರಬಂಧವನ್ನು ಓದಿದ ಲೋಕವು ಅದರಿಂದ ಎರಡು ತೀರ್ಮಾನಗಳಿಗೆ ಹಾರಿತು: ಬರಿಗಾಲಾದವನು ಮುಂಭಾಗದ ಮೇಲೆಯೇ ಇಳಿಯುವನೆಂಬುದು ಮೊದಲನೆಯದು, ಹಾಗೆ ಇಳಿದವನಿಗೆ ಪೆಟ್ಟಾಗದೆಂಬುದು ಎರಡನೆಯದು. ಎರಡನೆಯದನ್ನು ಪ್ರಬಂಧಕಾರರು ಸಿದ್ಧಪಡಿಸಲಿಲ್ಲ; ಪೆಟ್ಟಿನ ವಿಚಾರಕ್ಕೆ ಬೇರೆ ಅಧ್ಯಯನ ಬೇಕೆಂದು ಅವರೇ ಹೇಳಿದ್ದಾರೆ. ಮೊದಲನೆಯದನ್ನು ಮೂರು ವರ್ಷದೊಳಗೆ ಮತ್ತೊಂದು ಅಧ್ಯಯನ ಅಲುಗಿಸಿತು.

2013ರಲ್ಲಿ ಕೆವಿನ್ ಹಟಾಲಾ ಮತ್ತು ಸಂಗಡಿಗರು ಉತ್ತರ ಕೀನ್ಯದ ದಾಸನಾಚ್ ಜನರನ್ನು ಪರೀಕ್ಷಿಸಿದರು. ಇವರೂ ಬರಿಗಾಲಿನಲ್ಲಿಯೇ ಬೆಳೆದವರು. ದೂರದ ಓಟಕ್ಕೆ ತಾವೇ ಆರಿಸಿಕೊಂಡ ಸಾಧಾರಣ ವೇಗದಲ್ಲಿ ಇವರ ಹೆಜ್ಜೆಗಳಲ್ಲಿ ಶೇಕಡ 72 ಹಿಮ್ಮಡಿಯ ಮೇಲೆಯೇ ಬಿದ್ದವು. ವೇಗ ಹೆಚ್ಚಿದಂತೆ ಆ ಪ್ರಮಾಣ ಇಳಿಯಿತು. ಬರಿಗಾಲೆಂಬ ಒಂದೇ ಕಾರಣದಿಂದ ಹೆಜ್ಜೆಯ ರೀತಿ ನಿಶ್ಚಯವಾಗದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಓಟದ ವೇಗವೂ ಆಯಾ ಜನರ ರೂಢಿಯೂ ಅದರಲ್ಲಿ ಪಾಲುಗೊಳ್ಳುತ್ತವೆ.

ಇವುಗಳೊಡನೆ ನೆಲವನ್ನೂ ಎಣಿಸಬೇಕು. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಕಂಬಳವೇ ಉದಾಹರಣೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು ಕೋಣಗಳೊಡನೆ 13.62 ಸೆಕೆಂಡುಗಳಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58ರ ದಾಖಲೆಯೊಡನೆ ಪತ್ರಿಕೆಗಳು ಹೋಲಿಸಿದವು. ಬರಿಗಾಲಿನ ಮಹಿಮೆಗೆ ಇದಕ್ಕಿಂತ ಸಾಕ್ಷಿ ಬೇಕೆ ಎಂದವರೂ ಉಂಟು. ಈ ಹೋಲಿಕೆ ನಿಲ್ಲದು. ಕೋಣಗಳ ಎಳೆತವು ಓಟಗಾರನಿಗೆ ಒದಗುತ್ತದೆ. ಬೋಲ್ಟನನ್ನು ಯಾರೂ ಎಳೆಯಲಿಲ್ಲ. ಕ್ರೀಡಾ ಸಚಿವಾಲಯದ ಕಡೆಯಿಂದ ಟ್ರ್ಯಾಕಿನ ಮೇಲೆ ಪರೀಕ್ಷೆಗೆ ಕರೆ ಬಂದಾಗ ಗೌಡರೇ ಅದನ್ನು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳಿಗೆ ಕೆಲಸ, ಕಂಬಳದಲ್ಲಿ ಕೋಣಗಳಿಗೂ ಪಾಲುಂಟು ಎಂಬರ್ಥದ ಮಾತನ್ನು ಅವರು ಪತ್ರಿಕೆಯವರಿಗೆ ಹೇಳಿದರು.

ಈ ಉತ್ತರಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲವೆಂದು ನಮ್ಮ ಭಾವನೆ. ಬರಿಗಾಲಿನಲ್ಲಿ, ಅತಿ ವೇಗದಲ್ಲಿ ಓಡುವ ಒಬ್ಬನು ತನ್ನ ಓಟದಲ್ಲಿ ಹಿಮ್ಮಡಿಯೇ ಮುಖ್ಯವೆನ್ನುತ್ತಾನೆ. ಇದು ಅಳತೆಯಲ್ಲ, ಅನುಭವದ ಮಾತು. ಆದರೂ ಯಂತ್ರವಿಧಾನಕ್ಕೆ ಒಪ್ಪುವ ಮಾತು. ಕೆಸರಿನಲ್ಲಿ ಪಾದ ಹೂಳುತ್ತದೆ. ಗಟ್ಟಿ ನೆಲದ ಥಟ್ಟನೆಯ ಹೊಡೆತ ಅಲ್ಲಿಲ್ಲ. ಮುಂದಕ್ಕೆ ಎಳೆಯುವ ಕೋಣಗಳಿಗೆ ಎದುರಾಗಿ ಮೈಯ ತೂಕವನ್ನು ಹಿಡಿಯಲು ಹಿಮ್ಮಡಿ ಆಧಾರವಾಗಬಲ್ಲದು. ಮರಳಿನ ವಿಷಯವೂ ಇಂತಹುದೇ. 1998ರಲ್ಲಿ ಪ್ರಕಟವಾದ ಲೆಜೂನ್ ಮತ್ತು ಸಂಗಡಿಗರ ಅಳತೆಯಂತೆ, ಗಟ್ಟಿ ನೆಲಕ್ಕಿಂತ ಮರಳಿನ ಮೇಲೆ ಓಡಲು ಸುಮಾರು 1.6 ಪಟ್ಟು ಶಕ್ತಿ ವ್ಯಯವಾಗುತ್ತದೆ. ತೆಂಗಿನಗುಂಡಿಯ ದಡದಲ್ಲಿ ರೂಢಿಯಾದ ಹೆಜ್ಜೆಯು ಡಾಮರು ರಸ್ತೆಯ ಮೇಲೂ ಹಾಗೆಯೇ ಇರುವುದೆಂದು ಊಹಿಸಲು ಆಧಾರವಿಲ್ಲ.

ಓಟದಿಂದ ಪಾದದ ಆಕಾರಕ್ಕೆ ಬರೋಣ. ಇಲ್ಲಿ ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಕೊಡುಗೆ ಜಗತ್ತಿನ ವೈದ್ಯರಿಗೆಲ್ಲ ಪರಿಚಿತವಾದುದು. ನಮ್ಮ ವಿದ್ಯಾರ್ಥಿಗಳಿಗೆ ಅಷ್ಟು ಪರಿಚಿತವಲ್ಲದಿರುವುದು ವಿಷಾದದ ಸಂಗತಿ. 1992ರಲ್ಲಿ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇಕಡ 8.6ರಷ್ಟು ಜನರಿಗೂ, ಧರಿಸದವರಲ್ಲಿ ಶೇಕಡ 2.8ರಷ್ಟು ಜನರಿಗೂ ಚಪ್ಪಟೆ ಪಾದ ಕಂಡುಬಂದಿತು. ಬೆರಳು ಮುಚ್ಚುವ ಬೂಟಿನವರಲ್ಲಿ ಅದು ಅತಿ ಹೆಚ್ಚು. ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. 1995ರಲ್ಲಿ ಸಚ್ಚಿದಾನಂದಂ ಮತ್ತು ಜೋಸೆಫ್ ಅವರು 1,846 ವಯಸ್ಕರನ್ನು ನೋಡಿ, ಆರು ವರ್ಷಕ್ಕೆ ಮೊದಲೇ ಪಾದರಕ್ಷೆ ತೊಟ್ಟವರಲ್ಲಿ ಶೇಕಡ 3.24, ಹದಿನಾರರ ನಂತರ ತೊಟ್ಟವರಲ್ಲಿ ಶೇಕಡ 1.75 ಎಂಬ ಫಲವನ್ನು ಪಡೆದರು. ಎಳೆತನದ ಬರಿಗಾಲು ಪಾದದ ಕಮಾನನ್ನು ಬೆಳೆಸಲು ಸಹಾಯಕವೆಂಬ ಮಾತಿಗೆ ಇವು ಬಲವಾದ ಆಧಾರಗಳು. ಆದರೆ ಇವು ನಿಂತ ಪಾದದ ಗುರುತುಗಳು, ಓಡುವ ಪಾದದವಲ್ಲ. ಚಪ್ಪಟೆ ಪಾದವುಳ್ಳ ಅನೇಕರು ಯಾವ ನೋವೂ ಇಲ್ಲದೆ ಓಡುವುದುಂಟು. ಬೆಳೆಯುವ ಮಗುವಿನ ಕುರಿತ ಈ ಫಲವನ್ನು ಬೆಳೆದ ಓಟಗಾರನಿಗೆ ಹೇಳುವ ಉಪದೇಶವಾಗಿ ಮಾಡುವುದು ಪ್ರಬಂಧಕಾರರಿಗೆ ಅನ್ಯಾಯ ಮಾಡಿದಂತೆ.

ಬೆಳೆದ ಪಾದವು ರೂಢಿಯನ್ನು ಥಟ್ಟನೆ ಬದಲಾಯಿಸಿದರೆ ಏನಾಗುವುದೆಂಬುದಕ್ಕೂ ಸಾಕ್ಷಿಯಿದೆ. 2013ರಲ್ಲಿ ಪ್ರಕಟವಾದ ಸಾರಾ ರಿಡ್ಜ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಬೂಟಿಗೆ ಒಗ್ಗಿದ 36 ಓಟಗಾರರಲ್ಲಿ 19 ಜನರು ಹತ್ತು ವಾರಗಳಲ್ಲಿ ಕ್ರಮೇಣ ಬರಿಗಾಲನ್ನು ಅನುಕರಿಸುವ ತೆಳು ಪಾದರಕ್ಷೆಗೆ ಬದಲಾದರು. ಅವರಲ್ಲಿ 10 ಜನರ ಪಾದದ ಮೂಳೆಗಳಲ್ಲಿ ಮಜ್ಜೆಯ ಊತ ಹೆಚ್ಚಿತು. ಮೇಲೆ ಹೇಳಿದ ಹೊರೆಯ ಸ್ಥಾನಾಂತರವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಇತ್ತ ಬರಿಗಾಲಿಗೆ ಒಗ್ಗಿದ ಪಾದದ ಜಡ್ಡು ಚರ್ಮವನ್ನು ಕೊರತೆಯೆಂದು ಎಣಿಸುವುದೂ ತಪ್ಪು. ಕೀನ್ಯದ 81 ಜನರನ್ನು ಪರೀಕ್ಷಿಸಿ ಹೊಲೊವ್ಕ ಮತ್ತು ಸಂಗಡಿಗರು 2019ರಲ್ಲಿ ತಿಳಿಸಿದಂತೆ, ಚರ್ಮ ದಪ್ಪವಾದರೂ ಪಾದದ ಸ್ಪರ್ಶಜ್ಞಾನ ಕುಂದುವುದಿಲ್ಲ.

ಹಾಗಾದರೆ ತೆಂಗಿನಗುಂಡಿಯ ವಿದ್ಯಾರ್ಥಿಗೆ ಅಧ್ಯಾಪಕನು ಏನು ಹೇಳಬೇಕು? ಅವನ ಪಾದವನ್ನು ಹಿಂದುಳಿದ ಪಾದವೆಂದು ಭಾವಿಸಿ ದಪ್ಪ ಅಟ್ಟೆಯ ಬೂಟನ್ನು ಒಂದೇ ದಿನ ತೊಡಿಸಿ ಸ್ಪರ್ಧೆಗೆ ನಿಲ್ಲಿಸಬಾರದು. ಬೂಟಿನಲ್ಲಿ ಬೆಳೆದ ಅವನ ಸಹಪಾಠಿಯ ಬೂಟನ್ನು ಒಂದೇ ದಿನ ಕಳಚಿಸಲೂ ಬಾರದು. ಗಾಜಿನ ಚೂರು, ಬಿಸಿಯಾದ ಡಾಮರು ಇರುವೆಡೆ ರಕ್ಷೆ ಬೇಕು. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗೆ ಬರಿಗಾಲು ಅಪಾಯ. ಅಬೆಬೆ ಬಿಕಿಲಾ 1960ರಲ್ಲಿ ರೋಮಿನ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು, ಇನ್ನೂ ಮೂರು ನಿಮಿಷ ಬೇಗನೆ ಓಡಿ ಮತ್ತೆ ಗೆದ್ದನು. ಇದರಿಂದ ಯಾವ ಪಕ್ಷವೂ ಜಯ ಸಾರಲಾರದು.

ಮೇಲ್ಕಂಡ ಅಳತೆಗಳಲ್ಲಿ ಬರಿಗಾಲ ಓಟವನ್ನು ಕುರಿತವು ಮುಖ್ಯವಾಗಿ ಕೀನ್ಯದವು. ನಮ್ಮ ಕರಾವಳಿಯವು ನಿಂತ ಪಾದದವು. ಎರಡನ್ನೂ ಕೂಡಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಬರಿಗಾಲಿನಲ್ಲಿ ಬೆಳೆದವರು, ಚಪ್ಪಲಿಯಲ್ಲಿ ಬೆಳೆದವರು, ಬೂಟಿನಲ್ಲಿ ಬೆಳೆದವರು ಎಂಬ ಮೂರು ಗುಂಪುಗಳನ್ನು ಮರಳು, ಕೆಸರು, ಗಟ್ಟಿ ನೆಲಗಳ ಮೇಲೆ ನಿಧಾನವಾಗಿಯೂ ವೇಗವಾಗಿಯೂ ಓಡಿಸಿ, ಯಾವ ಭಾಗ ಮೊದಲು ನೆಲಕ್ಕೆ ತಾಗುವುದೆಂದು ಗುರುತಿಸಲು ಸಾಧಾರಣ ವೀಡಿಯೊ ಯಂತ್ರವೊಂದು ಸಾಕು. ಪಾದದಲ್ಲಿ ಬೂಟಿದೆಯೇ ಇಲ್ಲವೇ ಎಂದಷ್ಟೇ ಕೇಳಿ ಬರೆದುಕೊಳ್ಳುವ ಅಧ್ಯಯನಕ್ಕಿಂತ, ಅದು ಯಾವ ನೆಲದ ಮೇಲೆ, ಎಷ್ಟು ವೇಗದಲ್ಲಿ, ಎಷ್ಟು ವರ್ಷದ ರೂಢಿಯಿಂದ ಓಡುತ್ತಿದೆ ಎಂದು ಕೇಳುವ ಅಧ್ಯಯನ ನಮಗೆ ಬೇಕಾಗಿದೆ. ಆ ವಿದ್ಯಾರ್ಥಿಗೆ ನಿಶ್ಚಿತವಾದ ಉತ್ತರ ಕೊಡುವ ಹೊಣೆ ಈ ದಡದ ವಿದ್ಯಾಸಂಸ್ಥೆಗಳದೇ ಎಂದು ನಾವು ಭಾವಿಸುತ್ತೇವೆ.