ಬಲಗುಂಡಿಯ ತಕರಾರು

ಕಂಪ್ಯೂಟರ್ ಮೌಸಿನ ಬಲಗುಂಡಿಯ ಬಗೆಗೆ ನನ್ನದೊಂದು ತಕರಾರಿದೆ. ಒತ್ತಿದ ಜಾಗಕ್ಕೆ ತಕ್ಕ ಕೆಲಸಗಳ ಪಟ್ಟಿ ತೆರೆಯುವ ಈ ರೂಢಿಯನ್ನು 1995ರ ವಿಂಡೋಸ್ 95 ಮನೆಮನೆಗೆ ಮುಟ್ಟಿಸಿತು. ಅಂತರ್ಜಾಲದಲ್ಲಿ ಗುಂಡಿ ಒತ್ತಿದ ಸುದ್ದಿ ಮೊದಲು ಪುಟಕ್ಕೆ ತಲುಪುತ್ತದೆ. ಅದು ಬ್ರೌಸರಿನ ಪಟ್ಟಿಯನ್ನು ತಡೆದು ತನ್ನದನ್ನು ತೋರಿಸಬಹುದು. ಗೂಗಲ್ ಶೀಟ್ಸ್ ಹಾಗೆಯೇ ಮಾಡುತ್ತದೆ. ಅಂಕಪಟ್ಟಿಯಲ್ಲಿ ಬಿಟ್ಟುಹೋದ ಹುಡುಗಿಯ ಹೆಸರಿಗೆ ಹೊಸ ಸಾಲು ಅಲ್ಲಿಯೇ ಸಿಗುತ್ತದೆ. ಇದನ್ನು ಒಪ್ಪುತ್ತೇನೆ.

ಆದರೆ ಕೆಲವು ತಾಣಗಳವರು ನಕಲಿನ ಭಯಕ್ಕೆ ಪಟ್ಟಿಯನ್ನೇ ಮುಚ್ಚಿ, ಬದಲಿಗೆ ಏನನ್ನೂ ಕೊಡುವುದಿಲ್ಲ. ಲೋಕಾಪುರದಲ್ಲಿ ಕುಳಿತು, ನಾಳಿನ ಪಾಠಕ್ಕೆ ಕಠಿಣ ಪದವೊಂದರ ಅರ್ಥ ಹುಡುಕುವ ನನ್ನಂಥವಳಿಗೆ ಅಲ್ಲಿ ದಾರಿಯಿಲ್ಲ. ಕದಿಯುವವನಿಗೋ ಇದು ಬೀಗವೇ ಅಲ್ಲ: ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಹಿಡಿದು ಬಲಗುಂಡಿ ಒತ್ತಿದರೆ ಮೂಲ ಪಟ್ಟಿ ಬರುತ್ತದೆ. ಬರೆದವರ ಹಕ್ಕು ಉಳಿಯಲಿ, ನಿಜ. ಅದಕ್ಕಾಗಿ ಓದುವವರ ಕೈಯನ್ನು ಕಟ್ಟುವುದು ಯಾವ ನ್ಯಾಯ?