ಶ್ಯಾವಿಗೆ ಒಣಗಿಸಿದ ಮೆಟ್ಟಿಲು ಯಾರದು?

ಕರ ಕಟ್ಟುವವರು ಯಾರು ಎಂದು ಕೇಳಿದರೆ ಓದಿದ ಜನ ಕೂಡಲೇ ಆದಾಯ ತೆರಿಗೆ ಕಟ್ಟುವ ಸಂಬಳದಾರರ ಕಡೆ ಬೊಟ್ಟು ಮಾಡುತ್ತಾರೆ. ಉಳಿದವರೆಲ್ಲ ಕೂತು ಉಣ್ಣುವವರು ಎಂಬುದು ಇದರ ಒಳಮಾತು. ಈ ಮಾತು ಸುಳ್ಳು. ಅಷ್ಟೇ ಅಲ್ಲ, ಜಾತಿಯ ಸೊಕ್ಕು ಕಲಿತ ಹೊಸ ಭಾಷೆ ಎಂದು ನಾವು ಹೇಳುತ್ತೇವೆ.

ಖಾನಾಪುರದ ಕೂಲಿ ಹೆಣ್ಣುಮಗಳು ಒಂದು ಮೈಸಾಬೂನು ಕೊಂಡರೆ 2017ರ ಜುಲೈ 1ರಿಂದ ನೂರಕ್ಕೆ 18ರಂತೆ ಜಿ.ಎಸ್.ಟಿ. ಕೊಡುತ್ತಿದ್ದಳು. ಬೆಳಗಾವಿಯ ಕಾರ್ಖಾನೆ ಮಾಲೀಕನೂ ಅಷ್ಟೇ ಕೊಡುತ್ತಿದ್ದ. ಸಾಬೂನಿಗೆ ಮೈ ಯಾರದೆಂದು ಗೊತ್ತಿಲ್ಲ, ಖರೆ. ಕರ ಹಾಕುವವರಿಗೂ ಗೊತ್ತಿರಲಿಲ್ಲವೇ? ಸಂಪತ್ತಿನ ತೆರಿಗೆ 2015ರ ಬಜೆಟ್ಟಿನಲ್ಲೇ ರದ್ದಾಯಿತು. ರಿಯಾಯಿತಿ ಬಿಟ್ಟುಕೊಟ್ಟ ಕಂಪನಿಗಳ ತೆರಿಗೆಯ ಮೂಲ ದರ 2019ರಲ್ಲಿ ನೂರಕ್ಕೆ 22ಕ್ಕೆ ಇಳಿಯಿತು. ಸಾಬೂನಿನ ಕರ 5ಕ್ಕೆ ಇಳಿಯಲು 2025ರ ಸೆಪ್ಟೆಂಬರ್ ಬರಬೇಕಾಯಿತು.

ಇದು ಹಳೆಯ ಜಗಳ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದ ಕಾಲ, 1927ರಲ್ಲಿ, ಬಾಬಾಸಾಹೇಬರು ಆ ಪ್ರಾಂತದ ಶಾಸನಸಭೆಯಲ್ಲಿ ಇದನ್ನೇ ಎತ್ತಿದ್ದರು: ಆದಾಯವಿಲ್ಲದವನಿಗೆ ಆದಾಯ ತೆರಿಗೆ ಇಲ್ಲ, ಬೆಳೆ ಬರಲಿ ಬಿಡಲಿ, ತುಂಡು ಹೊಲದವನು ಮಾತ್ರ ಕಂದಾಯ ಕಟ್ಟಲೇಬೇಕು, ಇದೆಂಥ ನ್ಯಾಯ?

ಕೊಟ್ಟ ರೊಕ್ಕ ಎಲ್ಲಿ ಹೋಯಿತು? 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ವರ್ಷಕ್ಕೊಮ್ಮೆ, ಹತ್ತು ದಿನದ ಆಸುಪಾಸು, ಅಲ್ಲಿ ಅಧಿವೇಶನ. 2022ರಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಒಬ್ಬ ಹೆಣ್ಣುಮಗಳು ಅದರ ಮುಂದೆ ಶ್ಯಾವಿಗೆ ಒಣಹಾಕಿದಳು. ಸೌಧದ ಘನತೆ ಹೋಯಿತೆಂದು ಆಕೆಯ ಕೆಲಸ ಕಿತ್ತುಕೊಂಡರು. ಜನ ಛೀ ಅಂದ ಮೇಲೆ ಮರಳಿ ಕೊಟ್ಟರು. ಖಾಲಿ ಬಿದ್ದ ಸೌಧಕ್ಕೆ ಹೋಗದ ಘನತೆ ಶ್ಯಾವಿಗೆಗೆ ಹೋಯಿತೇನ್ರೀ?

ಅದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಆಮಗಾಂವದಿಂದ 2024ರ ಮಳೆಗಾಲದಲ್ಲಿ ರೋಗಿಯನ್ನು ಡೋಲಿ ಕಟ್ಟಿ ಕಾಡಿನೊಳಗಿಂದ ಹೊತ್ತು ತಂದರು. ಭೀಮಗಡ ಅಭಯಾರಣ್ಯ, ರಸ್ತೆ ಕಷ್ಟ ಅನ್ನುತ್ತಾರೆ. ಕಾಡು ಉಳಿಯಲಿ, ನಮ್ಮ ತಕರಾರಿಲ್ಲ. ಆದರೆ ಕಾಡು ದವಾಖಾನೆಗಷ್ಟೇ ಅಡ್ಡ ಬರುತ್ತದೆ. ಕರಕ್ಕೆ ಅಡ್ಡ ಬಂದದ್ದನ್ನು ನಾವು ಕಂಡಿಲ್ಲ.

ಇನ್ನು ನಮ್ಮ ಪಾಲು. 2013ರ ಕಾಯ್ದೆ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಹಣವನ್ನು ಬಜೆಟ್ಟಿನಲ್ಲಿ ತೆಗೆದಿಡಬೇಕೆಂದಿತು. ಹಣ ಬೇರೆಡೆಗೆ ಹರಿಯಲು ಕಿಂಡಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ಅದೇ ವರ್ಷ ಈ ಹಣದಲ್ಲಿ 11 ಸಾವಿರ ಕೋಟಿಗೂ ಮಿಕ್ಕಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಬರೆದರು. ಫಲ ಪಡೆಯುವವರಲ್ಲಿ ದಲಿತರೂ ಇದ್ದಾರಲ್ಲ ಎಂಬುದು ಸಮರ್ಥನೆ. ಇದ್ದಾರೆ. ಗ್ಯಾರಂಟಿ ಬೇಡವೆಂದೂ ನಾವು ಹೇಳುವುದಿಲ್ಲ. ಆದರೆ ಉಳಿದವರಿಗೆ ಸಾಮಾನ್ಯ ಬೊಕ್ಕಸದಿಂದ, ನಮಗೆ ನಮ್ಮದೇ ಗಂಟು ಬಿಚ್ಚಿ ಕೊಡುವುದು ಯಾವ ಸಮಾನತೆ?

ಗೆಳೆಯರೇ, ಕವಿತೆಯ ಸಾಲಿಗೆ ಅರ್ಥ ಹುಡುಕುವ ನಾವು ಜಮಾಖರ್ಚಿನ ಸಾಲಿಗೂ ಅರ್ಥ ಕೇಳಬೇಕು. ಹಳ್ಳಿಯ ಮಾಸ್ತರರು ಗ್ರಾಮಸಭೆಯಲ್ಲಿ ಪಂಚಾಯಿತಿ ಲೆಕ್ಕವನ್ನು ಗಟ್ಟಿಯಾಗಿ ಓದಿಸಲಿ. ವಿದ್ಯಾರ್ಥಿಗಳು 2005ರ ಮಾಹಿತಿ ಹಕ್ಕಿನಡಿ ಅರ್ಜಿ ಬರೆಯಲಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ಕೇರಿಯ ಹೆಸರಲ್ಲಿ ಬಂದ ರೊಕ್ಕ ಎಷ್ಟು, ಕೇರಿಗೆ ಮುಟ್ಟಿದ್ದು ಎಷ್ಟು? ಮೊದಲ ಅರ್ಜಿ ಇದೇ ಇರಲಿ.